ಪೊಟ್ಟಣದ ಊಟವನ್ನು ಅಳೆಯುವ ಬಗೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಸುತ್ತಮುತ್ತ ಬಾಡಿಗೆಯ ಕೊಠಡಿ ಹಿಡಿದು ಓದುವ ವಿದ್ಯಾರ್ಥಿಗೆ ತಿಂಗಳ ಕೊನೆಯ ವಾರವೆಂದರೆ ಲೆಕ್ಕದ ವಾರ. ಖಾನಾವಳಿಯ ಬಾಗಿಲು ಮುಚ್ಚಿದ ಮೇಲೆ ಅವನ ನೆರವಿಗೆ ಬರುವುದು ಅಂಗಡಿಯ ಸಿದ್ಧಾಹಾರದ ಪೊಟ್ಟಣ. ಅದನ್ನು ಬಿಸಿಮಾಡಲು ಸೂಕ್ಷ್ಮತರಂಗಗಳ ಒಲೆ, ಎಂದರೆ ಮೈಕ್ರೋವೇವ್. ಇಂಥ ಪೊಟ್ಟಣಗಳಲ್ಲಿ ಕೊಟ್ಟ ಹಣಕ್ಕೆ ತಕ್ಕ ಆಹಾರ ಯಾವುದರಲ್ಲಿದೆ ಎಂಬುದನ್ನು ವಿಚಾರಿಸೋಣ.

ಈ ಪೊಟ್ಟಣಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಒದ್ದೆಯ ಜಾತಿ. ಬೇಯಿಸಿದ ಅನ್ನ, ಸಾರು, ಪಲ್ಯಗಳನ್ನು ಚೀಲದಲ್ಲಿ ಮುದ್ರೆಮಾಡಿ, ಒತ್ತಡದ ಪಾತ್ರೆಯಲ್ಲಿ ಸುಮಾರು 121 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿರುತ್ತಾರೆ. ಕುದಿಯುವ ನೀರಿಗೂ ಜಗ್ಗದ ಬ್ಯಾಕ್ಟೀರಿಯಾ ಬೀಜಕಗಳು ಈ ಶಾಖಕ್ಕೆ ಸಾಯುತ್ತವೆ. ಆದುದರಿಂದ ಶೀತಪೆಟ್ಟಿಗೆಯಿಲ್ಲದೆಯೇ ಊಟವು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ನಮ್ಮ ನಾಡಿನ ಅಡುಗೆಗೆ ಈ ವಿಧಾನವನ್ನು ಹೊಂದಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು 1961ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾಲಯಕ್ಕೆ ಸಲ್ಲಬೇಕು. ಯೋಧರಿಗಾಗಿ ರೂಪುಗೊಂಡ ವಿದ್ಯೆ ವಿದ್ಯಾರ್ಥಿಯ ಕೊಠಡಿಗೂ ಬಂತು! ಎರಡನೆಯದು ಒಣ ಜಾತಿ: ಬಿಸಿನೀರು ಸುರಿದರೆ ಸಿದ್ಧವಾಗುವ ಉಪ್ಪಿಟ್ಟು, ಅವಲಕ್ಕಿಗಳು.

ಹೆಚ್ಚಿನವರು ಎಡವುವುದು ಇಲ್ಲಿಯೇ. ಪೊಟ್ಟಣದ ಬೆನ್ನ ಮೇಲಿನ ಪಟ್ಟಿಯಲ್ಲಿ ಸತ್ವಗಳನ್ನು 100 ಗ್ರಾಮಿನ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 300 ಗ್ರಾಮಿನ ಒದ್ದೆ ಪೊಟ್ಟಣಕ್ಕೆ 90 ರೂಪಾಯಿ. ಅದರ 100 ಗ್ರಾಮಿನಲ್ಲಿ ಸಸಾರಜನಕ, ಎಂದರೆ ಪ್ರೋಟೀನು, 3 ಗ್ರಾಂ. 80 ಗ್ರಾಮಿನ ಒಣ ಉಪ್ಪಿಟ್ಟಿಗೆ 50 ರೂಪಾಯಿ. ಅದರ 100 ಗ್ರಾಮಿನಲ್ಲಿ ಸಸಾರಜನಕ 10 ಗ್ರಾಂ. ಎರಡನೆಯದು ಮೂರು ಪಾಲಿಗೂ ಮಿಗಿಲು ಪುಷ್ಟಿಕರವೆಂದು ತೋರುವುದಷ್ಟೆ? ಆದರೆ ಮೊದಲನೆಯದರ ತೂಕದಲ್ಲಿ ಬಹುಭಾಗ ನೀರು. ಎರಡನೆಯದಕ್ಕೆ ನೀರನ್ನು ನಾವು ನಲ್ಲಿಯಿಂದ ಸೇರಿಸುತ್ತೇವೆ. ಇಡೀ ಪೊಟ್ಟಣದ ಲೆಕ್ಕ ಹಾಕಿದರೆ ಒಂದರಲ್ಲಿ 9 ಗ್ರಾಂ, ಇನ್ನೊಂದರಲ್ಲಿ 8 ಗ್ರಾಂ. ಬೆಲೆಯನ್ನು ಇದರಿಂದ ಭಾಗಿಸಿದಾಗ ಒಂದು ಗ್ರಾಂ ಸಸಾರಜನಕಕ್ಕೆ ಕ್ರಮವಾಗಿ 10 ರೂಪಾಯಿ ಮತ್ತು 6 ರೂಪಾಯಿ 25 ಪೈಸೆ ಬೀಳುತ್ತದೆ. ಒಣ ಪೊಟ್ಟಣ ಅಗ್ಗವೆಂಬುದು ನಿಜ, ಆದರೆ ಪಟ್ಟಿ ತೋರಿಸಿದಷ್ಟು ಅಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಸೂಚಿಸಿದಂತೆ 65 ಕಿಲೋ ತೂಕದ ವಯಸ್ಕ ಗಂಡಸಿಗೆ ದಿನಕ್ಕೆ ಸುಮಾರು 54 ಗ್ರಾಂ ಸಸಾರಜನಕ ಬೇಕು. ಮೇಲಿನ ಯಾವ ಪೊಟ್ಟಣವೂ ಅದರ ಆರನೆಯ ಒಂದು ಪಾಲನ್ನು ಮೀರುವುದಿಲ್ಲ. ಒಂದು ಬೇಯಿಸಿದ ಮೊಟ್ಟೆಯಿಂದ 6 ಗ್ರಾಂ, 30 ಗ್ರಾಂ ಹುರಿದ ಶೇಂಗಾದಿಂದ ಸುಮಾರು 7 ಗ್ರಾಂ ದೊರೆಯುತ್ತದೆ. ಅವುಗಳ ಬೆಲೆಯನ್ನೂ ಹೀಗೆಯೇ ಭಾಗಿಸಿ ನೋಡಿರಿ, ಪೊಟ್ಟಣ ನಾಚಬೇಕು. ಖಾನಾವಳಿಯ ಜೋಳದ ರೊಟ್ಟಿಯೂ ಕಡಿಮೆಯದಲ್ಲ: 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ಸಸಾರಜನಕವಿದೆ, ಜೊತೆಗಿನ ಕಾಳುಪಲ್ಯದ್ದು ಬೇರೆ.

ಇನ್ನು ಉಪ್ಪು. ಪಟ್ಟಿಯಲ್ಲಿ ಸೋಡಿಯಂ ಎಂದು ಬರೆದಿರುವುದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಕ್ಕುತ್ತದೆ. ಪೊಟ್ಟಣದಲ್ಲಿ 1000 ಮಿಲಿಗ್ರಾಂ ಸೋಡಿಯಂ ಇದ್ದರೆ ಉಪ್ಪು ಎರಡೂವರೆ ಗ್ರಾಂ. ದಿನಕ್ಕೆ 5 ಗ್ರಾಮಿನೊಳಗಿರಬೇಕಾದುದರ ಅರ್ಧ ಒಂದೇ ಊಟದಲ್ಲಿ ತೀರಿತು. ಇಲ್ಲಿ ಕೆಲವು ತಯಾರಕರ ಒಂದು ಜಾಣತನವನ್ನು ಗಮನಿಸಬೇಕು: ಒಬ್ಬನೇ ತಿಂದು ಮುಗಿಸುವ ಪೊಟ್ಟಣವನ್ನು ‘ಇಬ್ಬರಿಗೆ’ ಎಂದು ಬರೆದು ಅಂಕಿಗಳನ್ನು ಅರ್ಧಕ್ಕೆ ಇಳಿಸಿರುತ್ತಾರೆ.

ಬಿಸಿಮಾಡುವ ಬಗೆಗೂ ಎರಡು ಮಾತು. ಅಮೆರಿಕದ ಪರ್ಸಿ ಸ್ಪೆನ್ಸರ್ 1945ರಲ್ಲಿ ಕಂಡುಕೊಂಡ ಈ ಒಲೆಯ ಅಲೆಗಳು, ಸುಮಾರು 12 ಸೆಂಟಿಮೀಟರ್ ಉದ್ದದವು, ಆಹಾರದಲ್ಲಿನ ನೀರಿನ ಅಣುಗಳನ್ನು ಅತ್ತಿತ್ತ ತಿರುಗಿಸಿ ಶಾಖವನ್ನು ಹುಟ್ಟಿಸುತ್ತವೆ. ಅವು ಕೆಲವೇ ಸೆಂಟಿಮೀಟರ್ ಆಳಕ್ಕೆ ಇಳಿಯಬಲ್ಲವು. ಆದುದರಿಂದ ಅಂಚು ಕುದಿಯುವಾಗ ನಡುವು ತಣ್ಣಗಿರಬಹುದು. ಮಧ್ಯದಲ್ಲಿ ಒಮ್ಮೆ ಕಲಕಿ, ಕಡೆಗೆ ಎರಡು ನಿಮಿಷ ಬಿಡಬೇಕು. 1200 ವಾಟ್ ವಿದ್ಯುತ್ತು ಎಳೆಯುವ ಒಲೆ 3 ನಿಮಿಷಕ್ಕೆ 0.06 ಯೂನಿಟ್ಟನ್ನಷ್ಟೇ ಬಳಸುತ್ತದೆ. ಒದ್ದೆ ಪೊಟ್ಟಣಗಳಲ್ಲಿ ಅನೇಕಕ್ಕೆ ಅಲ್ಯೂಮಿನಿಯಂ ಪದರವಿರುತ್ತದೆ. ಅಲೆಗಳು ಅದನ್ನು ದಾಟಲಾರವು, ಕಿಡಿಯೂ ಹಾರಬಹುದು. ಅಂಥದನ್ನು ಪಿಂಗಾಣಿ ಬಟ್ಟಲಿಗೆ ಸುರಿದೇ ಒಲೆಯಲ್ಲಿಡಬೇಕು. ಒಲೆಯಿಲ್ಲದವನು ಮುದ್ರೆ ಒಡೆಯದ ಚೀಲವನ್ನು ಕುದಿಯುವ ನೀರಿನಲ್ಲಿ ಅದ್ದಿಟ್ಟರೂ ಕೆಲಸವಾಗುತ್ತದೆ. ಉಬ್ಬಿದ ಚೀಲವನ್ನಂತೂ ಅರ್ಧ ಬೆಲೆಗೆ ಕೊಟ್ಟರೂ ಕೊಳ್ಳಬಾರದು. ಒಳಗೆ ಸೂಕ್ಷ್ಮಜೀವಿಗಳು ಬೆಳೆದು ಅನಿಲವನ್ನು ಬಿಟ್ಟಿರುವ ಸಂಭವವಿದೆ.