ಕಟ್ಟಡ ಕಾಮಗಾರಿಯ ತಾತ್ಕಾಲಿಕ ದೀಪಗಳು: ಸುರಕ್ಷತೆ ಮತ್ತು ಹೊಣೆ

ಬೈಲಹೊಂಗಲ, ಸವದತ್ತಿಗಳ ಹತ್ತಿ ಗೋದಾಮು, ರಾಮದುರ್ಗದ ನೇಕಾರಿಕೆಯ ಶೆಡ್ಡು, ಕಿತ್ತೂರಿನ ಹೆದ್ದಾರಿ ಬದಿಯ ಮಳಿಗೆ ಹೀಗೆ ನಮ್ಮ ಭಾಗದ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಒಂದಿಲ್ಲೊಂದು ಕಟ್ಟಡ ಕಟ್ಟಿಸುತ್ತಲೇ ಇರುತ್ತಾರೆ. ಸಿಮೆಂಟು, ಕಬ್ಬಿಣ, ಮರಳಿನ ಲೆಕ್ಕವನ್ನು ಪೈಸೆ ಬಿಡದೆ ಬರೆಯುವವರೂ ಸ್ಲ್ಯಾಬು ಹಾಕುವ ರಾತ್ರಿ ಉರಿಯುವ ದೀಪಗಳ ಬಗ್ಗೆ ವಿಚಾರಿಸುವುದು ಅಪರೂಪ. ಆದರೆ ನಾಲ್ಕು ದಿನದ ದೀಪದಿಂದ ಉಂಟಾಗುವ ಹೊಣೆ ನಾಲ್ಕು ದಿನಕ್ಕೆ ಮುಗಿಯುವಂಥದಲ್ಲ.

1. ಅಪಾಯದ ಸ್ವರೂಪ: 230 ವೋಲ್ಟಿನಲ್ಲಿ ಉರಿಯುವ 15 ವ್ಯಾಟಿನ ಬಲ್ಬಿನಲ್ಲಿ ಹರಿಯುವ ವಿದ್ಯುತ್ತು ಸುಮಾರು 65 ಮಿಲಿ ಆಂಪಿಯರ್. ಇಷ್ಟು ವಿದ್ಯುತ್ತು ಎದೆಯ ಮೂಲಕ ಹಾಯ್ದರೆ ಜೀವ ಹೋಗಬಹುದು. ಫ್ಯೂಸ್ ಮತ್ತು ಎಂಸಿಬಿಗಳು ತಂತಿಯನ್ನು ಕಾಯುತ್ತವೆಯೇ ಹೊರತು ಮನುಷ್ಯನನ್ನಲ್ಲ; ಆಂಪಿಯರುಗಳಷ್ಟು ಹೆಚ್ಚು ವಿದ್ಯುತ್ತು ಹರಿಯುವವರೆಗೆ ಅವು ಸುಮ್ಮನಿರುತ್ತವೆ. ಮನುಷ್ಯನನ್ನು ಕಾಯುವುದು 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿತಗೊಳ್ಳುವ ಆರ್‌ಸಿಸಿಬಿ. ತೇವವಾದ ಸ್ಲ್ಯಾಬು, ಬರಿಗಾಲು, ಕಬ್ಬಿಣದ ಸರಳುಗಳ ಮೇಲೆ ಎಳೆದ ತೇಪೆ ಹಾಕಿದ ವೈರು ಈ ಮೂರೂ ಕೂಡಿದ ಕಡೆ ಅದಿಲ್ಲದೆ ದೀಪ ಹಚ್ಚುವುದು ಸಲ್ಲದು.

2. ಸಂಪರ್ಕ: ಕಟ್ಟಡ ಕಾಮಗಾರಿಗೆ ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಬೇಕು. ಹೊಲದ ಪಂಪ್‌ಸೆಟ್ಟಿನಿಂದ ವೈರು ಎಳೆದು ಗೋದಾಮು ಕಟ್ಟುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನ ಪ್ರಕಾರ ಅನಧಿಕೃತ ಬಳಕೆ. ಅದಕ್ಕೆ ಅನ್ವಯಿಸುವ ದರದ ಎರಡು ಪಟ್ಟು ವಸೂಲಿಯಾಗುತ್ತದೆ. ಬಳಕೆಯ ಅವಧಿ ಗೊತ್ತಾಗದಿದ್ದರೆ ತಪಾಸಣೆಯ ಹಿಂದಿನ 12 ತಿಂಗಳಿಗೆ ಲೆಕ್ಕ ಹಾಕಲಾಗುತ್ತದೆ. ಮೇಲ್ಮನವಿಗೆ 30 ದಿನಗಳ ಅವಕಾಶವಿದೆ. ಆದರೆ ಮೊದಲು ಅರ್ಧ ಮೊತ್ತವನ್ನು ತುಂಬಬೇಕು. ನೇರವಾಗಿ ಲೈನಿಗೆ ಕೊಕ್ಕೆ ಹಾಕಿದರೆ ಅದು 135ನೇ ಕಲಮಿನ ಕಳವು. ಮೂರು ವರ್ಷಗಳವರೆಗೆ ಸೆರೆವಾಸ ಸಾಧ್ಯ.

3. ಪರಿಹಾರದ ಲೆಕ್ಕ: ಕೆಲಸದ ವೇಳೆ ಕಾರ್ಮಿಕನು ಮೃತಪಟ್ಟರೆ ಮಾಸಿಕ ವೇತನದ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸಿ ಪರಿಹಾರ ನಿರ್ಧರಿಸುವುದು 1923ರ ಕಾಯ್ದೆಯ ಕ್ರಮ. 2025ರ ನವೆಂಬರ್ 21ರಂದು ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಕ್ರಮ ಉಳಿದಿದೆ. ಉದಾಹರಣೆಗೆ:

ಲೆಕ್ಕಕ್ಕೆ ಹಿಡಿದ ಮಾಸಿಕ ವೇತನ: ರೂ. 15,000
ಅದರ ಅರ್ಧ: ರೂ. 7,500
30 ವರ್ಷ ವಯಸ್ಸಿನ ಗುಣಕ: 207.98
ಪರಿಹಾರ: ರೂ. 15,59,850

ಒಂದು ಆರ್‌ಸಿಸಿಬಿ, ಒಳ್ಳೆಯ ಕೇಬಲ್ಲು, ಅರ್ಥಿಂಗ್ ಇವೆಲ್ಲ ಸೇರಿ ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯುತ್ತವೆ. ಹಣದ ಲೆಕ್ಕ ಇಷ್ಟು. ಆ ಮನೆಯವರ ನಷ್ಟಕ್ಕೆ ಯಾವ ಗುಣಕವೂ ಇಲ್ಲ.

4. ಪಾಲಿಸಬೇಕಾದ ಕ್ರಮಗಳು:

ಅ) ವೈರಿಂಗನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿರಿ. ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ದಿನಾಲೂ ಕೆಲಸಕ್ಕೆ ಮೊದಲು ಒತ್ತಿ ನೋಡಿರಿ.

ಆ) ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಆಗ ಅರ್ಥಿಂಗ್ ದುರ್ಬಲವಾಗುತ್ತದೆ. ಅರ್ಥಿಂಗ್ ಗುಂಡಿಗೆ ನೀರು ಹಾಕಿಸಿ, ಅಳತೆ ಮಾಡಿಸಿರಿ.

ಇ) ವೈರನ್ನು ನೆಲದಲ್ಲಾಗಲಿ ಸರಳುಗಳ ಮೇಲಾಗಲಿ ಹಾಯಿಸದೆ, ಒಣ ಕಟ್ಟಿಗೆಯ ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿಸಿರಿ.

ಈ) ನೀರಿನ ತೊಟ್ಟಿ, ಬಾವಿ, ಪಾಯದ ತಗ್ಗುಗಳಲ್ಲಿ 24 ವೋಲ್ಟಿನ ಕೈದೀಪವನ್ನಷ್ಟೇ ಬಳಸಿರಿ.

ಉ) ಹ್ಯಾಲೋಜನ್ ದೀಪ ಬಹಳ ಕಾಯುತ್ತದೆ. ಹತ್ತಿ, ನೂಲು, ಗೋಣಿಚೀಲಗಳಿರುವ ಕಡೆ ಎಲ್‌ಇಡಿ ದೀಪವೇ ಲೇಸು, ವಿದ್ಯುತ್ತೂ ಉಳಿಯುತ್ತದೆ.

ಊ) ಕೆಲಸ ಆರಂಭಿಸುವ ಮೊದಲೇ ಗುತ್ತಿಗೆದಾರರಿಂದ ಕಾರ್ಮಿಕರ ವಿಮಾ ಪಾಲಿಸಿಯ ಪ್ರತಿ ಪಡೆಯಿರಿ. ದೀಪದ ವ್ಯವಸ್ಥೆ ಯಾರ ಹೊಣೆಯೆಂಬುದನ್ನು ಕರಾರಿನಲ್ಲಿ ಬರೆಸಿರಿ. ಬಾಯಿಮಾತಿನ ಒಪ್ಪಂದ ಅವಘಡದ ಮರುದಿನ ಯಾರಿಗೂ ನೆನಪಿರುವುದಿಲ್ಲ.

ತಾತ್ಕಾಲಿಕ ಸಂಪರ್ಕದ ಬಿಲ್ಲು, ವೈರಿಂಗಿನ ರಸೀದಿ, ಪಾಲಿಸಿಯ ಪ್ರತಿ ಇವುಗಳನ್ನು ಕಟ್ಟಡದ ಕಡತದಲ್ಲಿಯೇ ಇಡುವುದು ಉತ್ತಮ. ಈ ಖರ್ಚು ಕಟ್ಟಡದ ಬಂಡವಾಳ ವೆಚ್ಚದಲ್ಲಿ ಸೇರುತ್ತದೆ. ಮುಂದಿನ ಸ್ಲ್ಯಾಬು ಹಾಕಿಸುವ ಮುನ್ನ ಸದಸ್ಯ ಬಾಂಧವರು ಹಗಲು ಹೊತ್ತಿನಲ್ಲಿಯೇ ಒಮ್ಮೆ ಸ್ಥಳಕ್ಕೆ ಹೋಗಿ, ವೈರು ಎಲ್ಲಿಂದ ಬಂದಿದೆ, ಎಲ್ಲಿಗೆ ಹೋಗಿದೆ ಎಂಬುದನ್ನು ಕಣ್ಣಾರೆ ನೋಡಬೇಕೆಂದು ವಿನಂತಿ.