ಪಿಟ್ರೇಸ್ ಕೈಪಿಡಿಯನ್ನು ತಿದ್ದುವವರಿಗೆ ಏಳು ಪಾಠಗಳು

ಓಡುತ್ತಿರುವ ಪ್ರೋಗ್ರಾಮನ್ನು ಇನ್ನೊಂದು ಪ್ರೋಗ್ರಾಂ ತಡೆದು ನಿಲ್ಲಿಸಬೇಕು, ಅದರ ಮೆಮೊರಿ, ರಿಜಿಸ್ಟರ್‌ಗಳನ್ನು ಓದಬೇಕು, ಬೇಕಿದ್ದರೆ ಬದಲಿಸಿ ಮತ್ತೆ ಓಡಲು ಬಿಡಬೇಕು. ಲಿನಕ್ಸ್‌ನಲ್ಲಿ ಈ ಕೆಲಸಕ್ಕಿರುವ ಸಿಸ್ಟಂ ಕಾಲ್ ಪಿಟ್ರೇಸ್. ಜಿಡಿಬಿ, ಎಸ್‌ಟ್ರೇಸ್ ಎರಡಕ್ಕೂ ಇದೇ ಆಧಾರ. 1975ರ ಆರನೇ ಆವೃತ್ತಿಯ ಯುನಿಕ್ಸ್‌ನಲ್ಲೇ ಇದ್ದ ಈ ಕಾಲ್‌ಗೆ ಮುಂದೆ ಥ್ರೆಡ್‌ಗಳು, ಸಿಗ್ನಲ್ ನಿಯಮಗಳು, ಭದ್ರತಾ ತಪಾಸಣೆಗಳು ಸೇರುತ್ತಾ ಹೋದವು. ಲಿನಕ್ಸ್ ಕೈಪಿಡಿಯ ಪುಟ ಮಾತ್ರ ಬಹುಕಾಲ ಆ ವೇಗಕ್ಕೆ ಹೆಜ್ಜೆ ಹಾಕಲಿಲ್ಲ. 2011ರ ಸುಮಾರಿಗೆ ಡೆನಿಸ್ ವ್ಲಾಸೆಂಕೊ ಅದನ್ನು ದೊಡ್ಡದಾಗಿ ವಿಸ್ತರಿಸಿದ ಮೇಲೆ ಪುಟದ ಸ್ವರೂಪವೇ ಬದಲಾಯಿತು. ಡಿಬಗಿಂಗ್ ಸಾಧನಗಳ ಕೆಲಸದಲ್ಲಿ ಈ ಪುಟವನ್ನು ಓದಿ, ಪರೀಕ್ಷಿಸಿ, ತಿದ್ದುಪಡಿ ಬರೆಯುತ್ತಾ ನನಗೆ ಮನದಟ್ಟಾದ ಪಾಠಗಳಿವು.

1. ಆಜ್ಞೆಗಳಿಗಿಂತ ಮೊದಲು ಸ್ಥಿತಿಗಳನ್ನು ವಿವರಿಸಿ

ಪಿಟ್ರೇಸ್‌ನ ಕಷ್ಟವೆಲ್ಲ ಇರುವುದು ‘ನಿಂತಿದೆ’ ಎಂಬ ಸ್ಥಿತಿಯಲ್ಲಿ. ಗುರಿಯ ಸ್ಥಿತಿ ಬದಲಾಗುವುದನ್ನು ಕಾಯುವ ವೇಟ್‌ಪಿಡ್ ಕರೆ ಮರಳಿ ‘ನಿಂತಿದೆ’ ಎಂದರೆ ಏಕೆ ನಿಂತಿತು? ಸಿಗ್ನಲ್ ತಲುಪುವ ಹೊತ್ತಿಗೆ ನಿಂತಿರಬಹುದು. ಥ್ರೆಡ್‌ಗಳ ಇಡೀ ಗುಂಪೇ ನಿಂತಿರಬಹುದು. ಫೋರ್ಕ್, ಎಕ್ಸೆಕ್‌ನಂಥ ಘಟನೆಯಿಂದ ನಿಂತಿರಬಹುದು. ಸಿಸ್ಟಂ ಕಾಲ್‌ನ ಬಾಗಿಲಲ್ಲಿ ನಿಂತಿರಬಹುದು. ಪ್ರತಿಯೊಂದಕ್ಕೂ ಟ್ರೇಸರ್, ಅಂದರೆ ಹಿಡಿದಿರುವ ಪ್ರೋಗ್ರಾಂ, ಬೇರೆ ಉತ್ತರ ಕೊಡಬೇಕು.

ಅಟ್ಯಾಚ್ ಎಂಬ ವಿನಂತಿಯ ಮೂಲಕ ಹಿಡಿದ ಥ್ರೆಡ್ ಸಿಗ್‌ಸ್ಟಾಪ್‌ನಿಂದ ನಿಂತರೆ, ಅದು ಗುಂಪಿನ ನಿಲುಗಡೆಯೋ ಸಿಗ್ನಲ್‌ನ ನಿಲುಗಡೆಯೋ ತಿಳಿಯಲು ಸಿಗ್ನಲ್ ಮಾಹಿತಿ ಕೇಳಬೇಕು. ‘ಅಮಾನ್ಯ’ ಎಂಬ ದೋಷ ಬಂದರೆ ಅದು ಗುಂಪಿನ ನಿಲುಗಡೆ. ಸಿಸ್ಟಂ ಕಾಲ್‌ನ ನಿಲುಗಡೆಯೂ ಸಿಗ್‌ಟ್ರ್ಯಾಪ್ ಆಗಿಯೇ ಕಾಣುತ್ತದೆ. ಬ್ರೇಕ್‌ಪಾಯಿಂಟ್‌ನಿಂದ ಅದನ್ನು ಬೇರೆ ಮಾಡಲು ‘ಟ್ರೇಸ್‌ಸಿಸ್‌ಗುಡ್’ ಆಯ್ಕೆ ಹಾಕಿದರೆ ಸಿಗ್ನಲ್ ಸಂಖ್ಯೆಗೆ 0x80 ಸೇರುತ್ತದೆ. ಅಷ್ಟಾದರೂ ಕಾಲ್‌ನ ಒಳಗೆ ಹೋಗುತ್ತಿದೆಯೋ ಹೊರಗೆ ಬರುತ್ತಿದೆಯೋ ಎಂಬುದನ್ನು ಟ್ರೇಸರೇ ಲೆಕ್ಕ ಇಟ್ಟುಕೊಳ್ಳಬೇಕಿತ್ತು. 2019ರ ಲಿನಕ್ಸ್ 5.3ರಲ್ಲಿ ಸಿಸ್ಟಂ ಕಾಲ್ ಮಾಹಿತಿ ಕೊಡುವ ಹೊಸ ವಿನಂತಿ ಬಂದ ಮೇಲೆ ಕರ್ನಲ್ಲೇ ಅದನ್ನು ಹೇಳತೊಡಗಿತು. ವಿನಂತಿಗಳನ್ನು ಸಾಲಾಗಿ ವಿವರಿಸುತ್ತಾ ಹೋದರೆ ಈ ಚಿತ್ರ ಓದುಗರ ಮನಸ್ಸಿನಲ್ಲಿ ಮೂಡುವುದಿಲ್ಲ. ರೈಲ್ವೆ ವೇಳಾಪಟ್ಟಿಯಲ್ಲಿ ನಿಲ್ದಾಣಗಳೇ ಇಲ್ಲದೆ ರೈಲಿನ ಹೆಸರುಗಳಷ್ಟೇ ಇದ್ದಂತಾಗುತ್ತದೆ.

2. ‘ಪ್ರೊಸೆಸ್’ ಎಂದು ಸಡಿಲವಾಗಿ ಬರೆಯಬೇಡಿ

ಪಿಟ್ರೇಸ್ ಹಿಡಿಯುವುದು ಒಂದೊಂದೇ ಥ್ರೆಡ್ಡನ್ನು. ಹಲವು ಥ್ರೆಡ್‌ಗಳ ಪ್ರೋಗ್ರಾಮಿನಲ್ಲಿ ಒಂದನ್ನು ಹಿಡಿದರೆ ಉಳಿದವು ತಮ್ಮ ಪಾಡಿಗೆ ಓಡುತ್ತಿರುತ್ತವೆ. ಮುಖ್ಯ ಥ್ರೆಡ್ ಅಲ್ಲದ ಒಂದು ಥ್ರೆಡ್ ಎಕ್ಸೆಕ್ ಮಾಡಿದರಂತೂ ಉಳಿದೆಲ್ಲ ಥ್ರೆಡ್‌ಗಳು ಮಾಯವಾಗಿ, ಎಕ್ಸೆಕ್ ಮಾಡಿದ ಥ್ರೆಡ್‌ಗೆ ಮುಖ್ಯ ಥ್ರೆಡ್‌ನ ಐಡಿಯೇ ಬರುತ್ತದೆ. ಹಳೆಯ ಐಡಿಯನ್ನು ಕೇಳಿ ತಿಳಿಯುವ ದಾರಿ ಲಿನಕ್ಸ್ 3.0ರಿಂದ ಇದೆ. ‘ಪ್ರೊಸೆಸ್’, ‘ಥ್ರೆಡ್’ ಎಂಬ ಪದಗಳನ್ನು ಅದಲು ಬದಲಾಗಿ ಬಳಸಿದ ಪುಟ ಓದಿದವರಿಗೆ ಇದರ ತಲೆಬುಡ ತಿಳಿಯದು.

3. ಯಾವುದು ಯಾವಾಗ ಆಗುತ್ತದೆಂದು ಹೇಳಿ

ಅಟ್ಯಾಚ್ ಕರೆ ಯಶಸ್ವಿಯಾಗಿ ಮರಳಿತು ಎಂದರೆ ಗುರಿ ನಿಂತಿದೆ ಎಂದಲ್ಲ. ಸಿಗ್‌ಸ್ಟಾಪ್ ಕಳುಹಿಸಲಾಗಿದೆ ಎಂದಷ್ಟೇ. ನಿಂತದ್ದು ಖಾತ್ರಿಯಾಗುವುದು ವೇಟ್‌ಪಿಡ್‌ನಿಂದ. ಅದೇ ಗಳಿಗೆಯಲ್ಲಿ ಬೇರೆಯವರು ಕಳುಹಿಸಿದ ಸಿಗ್‌ಸ್ಟಾಪ್ ಕಳೆದುಹೋಗುವ ಸಾಧ್ಯತೆಯೂ ಇದೆ. 2012ರ ಲಿನಕ್ಸ್ 3.4ರಲ್ಲಿ ಬಂದ ಸೀಜ್ ಗುರಿಯನ್ನು ನಿಲ್ಲಿಸದೆಯೇ ಹಿಡಿಯುತ್ತದೆ. ನಿಲ್ಲಿಸಬೇಕಾದಾಗ ಇಂಟರಪ್ಟ್ ಎಂಬ ಪ್ರತ್ಯೇಕ ವಿನಂತಿ ಇದೆ. ಹಳೆಯದರ ಪಕ್ಕದಲ್ಲೇ ಹೊಸದೇಕೆ ಬಂತು ಎಂಬ ಕಾರಣವನ್ನೂ ಬರೆದರೆ, ಯಾವುದನ್ನು ಆರಿಸಬೇಕೆಂದು ಓದುಗರೇ ತೀರ್ಮಾನಿಸುತ್ತಾರೆ.

4. ದೋಷದ ಪ್ರತಿ ಅರ್ಥವನ್ನೂ ಬಿಡಿಸಿ

‘ಅಂಥ ಪ್ರೊಸೆಸ್ ಇಲ್ಲ’ ಎಂಬ ದೋಷಕ್ಕೆ ಪಿಟ್ರೇಸ್‌ನಲ್ಲಿ ಮೂರು ಕಾರಣಗಳಿವೆ: ಗುರಿ ಇಲ್ಲವೇ ಇಲ್ಲ, ಇದ್ದರೂ ನಾವು ಹಿಡಿದಿಲ್ಲ, ಹಿಡಿದಿದ್ದರೂ ಅದು ನಿಂತಿಲ್ಲ. ಮೆಮೊರಿ ಓದುವ ಪೀಕ್ ವಿನಂತಿಯಲ್ಲಿ ಇನ್ನೊಂದು ತೊಡಕು. ಓದಿದ ಬೆಲೆಯೇ -1 ಆಗಿರಬಹುದು. ಹಾಗಾಗಿ ಕರೆಯುವ ಮೊದಲು ದೋಷ ಸಂಖ್ಯೆಯ ಚರವಾದ ಎರ್‌ನೋವನ್ನು ಸೊನ್ನೆ ಮಾಡಿ, ಕರೆದ ಮೇಲೆ ಪರೀಕ್ಷಿಸಬೇಕು. ಸಿ ಲೈಬ್ರರಿ ಬೆಲೆಯನ್ನು ಮರಳಿಸುತ್ತದೆ. ಮೂಲ ಸಿಸ್ಟಂ ಕಾಲ್ ಅದನ್ನು ಕೊಟ್ಟ ವಿಳಾಸದಲ್ಲಿ ಬರೆಯುತ್ತದೆ. ಈ ವ್ಯತ್ಯಾಸ ಪುಟದಲ್ಲಿ ಕಣ್ಣಿಗೆ ಬೀಳುವಂತಿರಬೇಕು.

5. ಅನುಮತಿಯ ವಿಷಯಕ್ಕೆ ಪ್ರತ್ಯೇಕ ಜಾಗ ಕೊಡಿ

‘ಅನುಮತಿ ಇಲ್ಲ’ ಎಂದು ಕಂಡವರು ಮೊದಲು ತಮ್ಮ ಕೋಡನ್ನೇ ಅನುಮಾನಿಸುತ್ತಾರೆ. ಕಾರಣ ಬಹಳ ಸಲ ಯಾಮಾ ಎಂಬ ಭದ್ರತಾ ಮಾಡ್ಯೂಲ್. ಅದರ ಪಿಟ್ರೇಸ್ ಸೆಟ್ಟಿಂಗ್‌ಗೆ 0ಯಿಂದ 3ರವರೆಗೆ ಬೆಲೆಗಳಿವೆ. 1 ಇದ್ದರೆ, ವಿಶೇಷ ಅಧಿಕಾರವಿಲ್ಲದವರು ಸಾಮಾನ್ಯವಾಗಿ ತಮ್ಮ ಸಂತತಿ ಪ್ರೊಸೆಸ್‌ಗಳನ್ನಷ್ಟೇ ಹಿಡಿಯಬಹುದು. 3 ಇದ್ದರೆ ಯಾರೂ ಯಾವುದನ್ನೂ ಹಿಡಿಯಲಾಗದು. ಪ್ರವೇಶ ಪರೀಕ್ಷೆಯ ನಿಯಮಗಳನ್ನು ಒಂದೇ ಕಡೆ ಕ್ರಮವಾಗಿ ಕೊಟ್ಟರೆ ಓದುಗರು ತಪ್ಪು ಜಾಗದಲ್ಲಿ ಹುಡುಕುವುದು ತಪ್ಪುತ್ತದೆ.

6. ಬಗ್‌ಗಳನ್ನು ಬಗ್ ಎಂದೇ ದಾಖಲಿಸಿ

ಗುಂಪಿನ ನಿಲುಗಡೆಯ ಸುದ್ದಿ ಟ್ರೇಸರ್‌ಗೆ ಹೋಗುತ್ತದೆ, ನಿಜವಾದ ಪೋಷಕ ಪ್ರೊಸೆಸ್‌ಗೆ ಹೋಗುವುದಿಲ್ಲ ಎಂದು ಕೈಪಿಡಿಯ ಬಗ್ ವಿಭಾಗದಲ್ಲೇ ಇದೆ. ಇದು ನಾಚಿಕೆಯ ವಿಷಯವಲ್ಲ, ಪುಟದ ಅತ್ಯಂತ ಬೆಲೆಬಾಳುವ ಭಾಗ. ಇರುವ ಪ್ರೋಗ್ರಾಂಗಳು ಕೆಡಬಾರದೆಂದು ಕರ್ನಲ್ ಹಳೆಯ ನಡವಳಿಕೆಯನ್ನು ಸುಲಭವಾಗಿ ಬದಲಿಸುವುದಿಲ್ಲ. ಬರೆದಿಡದ ಬಗ್ ಪ್ರತಿ ಹೊಸ ಡಿಬಗರ್ ಬರೆಯುವವರ ಸಮಯವನ್ನೂ ನುಂಗುತ್ತದೆ.

7. ಪ್ರತಿ ವಾಕ್ಯದ ಹಿಂದೆ ಒಂದು ಪ್ರೋಗ್ರಾಂ ಇರಲಿ

ಕರ್ನಲ್ ಕೋಡ್ ಓದಿದ್ದು ಅರ್ಧ ಪುರಾವೆ. ಆ ನಡವಳಿಕೆಯನ್ನು ತೋರಿಸುವ ಚಿಕ್ಕ ಸಿ ಪ್ರೋಗ್ರಾಂ ಬರೆದು, ಓಡಿಸಿ ನೋಡಿದಾಗ ಪುರಾವೆ ಪೂರ್ತಿಯಾಗುತ್ತದೆ. ಯಾವ ಕರ್ನಲ್ ಆವೃತ್ತಿಯಿಂದ ಹೀಗಿದೆ ಎಂಬುದನ್ನು ವಾಕ್ಯದಲ್ಲೇ ಹೇಳಿ. ಒಂದು ಪ್ಯಾಚ್‌ನಲ್ಲಿ ಒಂದೇ ವಿಷಯವಿರಲಿ, ಬದಲಾವಣೆಯ ಕಾರಣ ಪ್ಯಾಚ್‌ನ ವಿವರಣೆಯಲ್ಲಿರಲಿ, ಪರೀಕ್ಷಾ ಪ್ರೋಗ್ರಾಮನ್ನೂ ಜೊತೆಗೆ ಕೊಡಿ. ಪರಿಶೀಲಿಸುವವರ ಶ್ರಮ ಕಡಿಮೆಯಾದಷ್ಟೂ ತಿದ್ದುಪಡಿ ಬೇಗ ಸೇರುತ್ತದೆ.

ಬೆಂಗಳೂರಿನಲ್ಲಿ ದಿನವೂ ಜಿಡಿಬಿ, ಎಸ್‌ಟ್ರೇಸ್ ಬಳಸುವ ಎಂಜಿನಿಯರ್‌ಗಳು ಬಹಳ ಮಂದಿ ಇದ್ದಾರೆ. ಕೈಪಿಡಿ ಹೇಳಿದ್ದಕ್ಕೂ ಯಂತ್ರ ಮಾಡಿದ್ದಕ್ಕೂ ತಾಳೆಯಾಗದ ಕ್ಷಣ ನಿಮಗೂ ಎದುರಾಗಿರುತ್ತದೆ. ಮುಂದಿನ ಸಲ ಹಾಗಾದಾಗ ಕೋಡ್‌ನಲ್ಲಿ ಟಿಪ್ಪಣಿ ಬರೆದು ಮುಂದೆ ಹೋಗಬೇಡಿ. ಪರೀಕ್ಷಾ ಪ್ರೋಗ್ರಾಂ ಬರೆಯಿರಿ, ಪುಟವನ್ನು ತಿದ್ದಿ, ಪ್ಯಾಚ್ ಕಳುಹಿಸಿ. ಸರಿಯಾದ ಒಂದು ವಾಕ್ಯ ಸೇರಿದರೂ ಮುಂದೆ ಅದೇ ತೊಡಕಿಗೆ ಬೀಳುವ ಎಲ್ಲರಿಗೂ ಅದು ಉಪಕಾರ.