ಪೆನ್‌ಡ್ರೈವ್ ಇಲ್ಲದೆ ಉಬುಂಟು ಹಾಕುವವರಿಗೆ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಾರವಾರ, ಅಂಕೋಲಾ ಕಡೆಯ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಉಬುಂಟು ಒಳ್ಳೆಯ ದಾರಿಯೇ. ಪೆನ್‌ಡ್ರೈವ್ ಇಲ್ಲವೆಂದು ಐಎಸ್‌ಒ ಫೈಲನ್ನು ಹಾರ್ಡ್‌ಡಿಸ್ಕಿನ ಪಾರ್ಟಿಶನ್‌ನಲ್ಲೇ ಇಟ್ಟು ಬೂಟ್‌ಲೋಡರ್ ಆದ ಗ್ರಬ್‌ನಿಂದ ಬೂಟ್ ಮಾಡಿದಾಗ, ‘ಐಎಸ್‌ಒಡಿವೈಸ್’ (ಐಎಸ್‌ಒ ಇರುವ ಪಾರ್ಟಿಶನ್) ಅನ್‌ಮೌಂಟ್ ಆಗುತ್ತಿಲ್ಲವೆಂದು ಇನ್‌ಸ್ಟಾಲರ್ ಹಟ ಹಿಡಿದರೆ ಗಾಬರಿ ಬೇಡ. ಡಿಸ್ಕ್ ಕೆಟ್ಟಿಲ್ಲ, ಕೂತ ಕೊಂಬೆಯನ್ನೇ ಕಡಿಯಲು ಇನ್‌ಸ್ಟಾಲರ್ ಒಪ್ಪುತ್ತಿಲ್ಲ, ಅಷ್ಟೆ. ಸಾಕಷ್ಟು ರ‍್ಯಾಮ್ ಇದ್ದರೆ ಗ್ರಬ್‌ನ ಲಿನಕ್ಸ್ ಸಾಲಿಗೆ ‘ಟೊರ‍್ಯಾಮ್’ (toram) ಸೇರಿಸಿ. ಇನ್‌ಸ್ಟಾಲರ್ ಪೂರ್ತಿ ಮೆಮೊರಿಗೆ ಬಂದ ಮೇಲೆ ಆ ಪಾರ್ಟಿಶನ್ನನ್ನು ಟರ್ಮಿನಲ್‌ನಿಂದ ಅನ್‌ಮೌಂಟ್ ಮಾಡಿ ಮುಂದುವರಿಯಬಹುದು. ಫಾರ್ಮ್ಯಾಟ್ ಮಾತ್ರ ಬೇರೆ ಪಾರ್ಟಿಶನ್‌ಗೆ! ಮೊದಲೇ ವಿಂಡೋಸನ್ನು ಶಿಫ್ಟ್ ಒತ್ತಿಕೊಂಡು ಶಟ್‌ಡೌನ್ ಮಾಡಿರಿ. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್ ಅದನ್ನು ಅರೆನಿದ್ರೆಯಲ್ಲೇ ಬಿಟ್ಟಿರುತ್ತದೆ. ಮಳೆಗಾಲವಾದರೆ ಬ್ಯಾಟರಿ ತುಂಬಿಸಿಕೊಂಡೇ ಕೂರಿ. ಗಾಳಿಗೆ ಲೈನ್ ಮೇಲೊಂದು ಮರ ಬಿದ್ದರೆ, ಕರೆಂಟು ಯಾವಾಗ ಬರುತ್ತದೋ ಯಾರಿಗೆ ಗೊತ್ತು.